ಬಿಡಾರ ಬದಲಿಸಿದುದು

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಹದಿಮೂರು ವರ್ಷಗಳಿಂದ ಬಳಸುತ್ತಿದ್ದ ಬ್ರೌಸರನ್ನು ಬಿಟ್ಟು ಕಳೆದ ಕಾರ್ತಿಕಮಾಸದಲ್ಲಿ ಬೇರೊಂದಕ್ಕೆ ಬಂದೆನು. ಇದೂ ಪತ್ರಿಕೆಗೆ ಬರೆಯತಕ್ಕ ಸಂಗತಿಯೇ ಎಂದು ವಾಚಕಮಹಾಶಯರು ಕೇಳಬಹುದು. ಮೊದಲು ನನಗೂ ಹಾಗೆಯೇ ತೋರಿತ್ತು. ಅರ್ಧ ಗಂಟೆಯ ಕೆಲಸವೆಂದು ಮಗಳ ಮಗನು ಹೇಳಿದ್ದನು. ನನಗೆ ಎರಡು ದಿನ ಹಿಡಿಯಿತು.

ಬ್ರೌಸರಿಗೆ ಜಾಲದರ್ಶಕ, ಜಾಲವೀಕ್ಷಕ ಎಂದೆಲ್ಲ ಕನ್ನಡದಲ್ಲಿ ಹೆಸರಿಟ್ಟಿರುವರು. ಇಂಗ್ಲಿಷಿನಲ್ಲಿ ಆ ಶಬ್ದದ ಹಳೆಯ ಅರ್ಥ, ಆಡು ಜಿಂಕೆಗಳು ಚಿಗುರೆಲೆಯನ್ನು ಅಲ್ಲಲ್ಲಿ ಕಿತ್ತು ಮೇಯುವುದು ಎಂದು. (ಶಬ್ದವೊಂದು ಕಂಡರೆ ಅದರ ಮೂಲವನ್ನು ಕೆದಕದೆ ಮುಂದೆ ಹೋಗಲಾರೆನು, ಪಾಠಶಾಲೆಯಲ್ಲಿ ಹತ್ತಿದ ಚಟ.) ನನ್ನ ಮಟ್ಟಿಗೆ ಆಡಿನ ಅರ್ಥವೇ ಸರಿ. ಕೊಲೋನ್ ವಿಶ್ವವಿದ್ಯಾಲಯದವರು ಜಾಲದಲ್ಲಿ ಇರಿಸಿರುವ ಮೋನಿಯರ್ ವಿಲಿಯಮ್ಸನ 1899ರ ಸಂಸ್ಕೃತ ನಿಘಂಟಿನಲ್ಲಿ ಒಂದು ಪದವನ್ನು ನೋಡಲು ಹೋದವನು, ಗಂಟೆಯೊಂದು ಕಳೆಯುವಷ್ಟರಲ್ಲಿ ಮಂಡಿನೋವಿನ ಎಣ್ಣೆ ಮಾರುವವರ ಬಳಿ ನಿಂತಿರುತ್ತಿದ್ದೆನು.

ಆ ಎಣ್ಣೆಯೇ ಬಿಡಾರ ಬದಲಿಸಲು ಕಾರಣ. ಒಂದು ದಿನ ಅದರ ಬೆಲೆಯನ್ನು ನೋಡಿದುದುಂಟು, ಕೊಳ್ಳಲಿಲ್ಲ. ಅಂದಿನಿಂದ ಪಂಚಾಂಗ ತೆರೆದರೂ ಎಣ್ಣೆ, ವರ್ತಮಾನ ಓದಿದರೂ ಎಣ್ಣೆ. ನಾವು ನೋಡುವ ಪುಟದೊಳಗೆ ಮೂರನೆಯವರೊಬ್ಬರು ಸೇರಿಕೊಂಡು, ಕುಕಿ ಎಂಬ ಗುರುತಿನ ಚೀಟಿಯನ್ನು ನಮ್ಮ ಯಂತ್ರದಲ್ಲಿಯೇ ಇಟ್ಟು, ಬೇರೆ ಪುಟಕ್ಕೆ ನಾವು ಹೋದಾಗ ಅದನ್ನೇ ಓದಿ, ಇವನು ಮಂಡಿನೋವಿನವನೆಂದು ಹಿಡಿಯುವರಂತೆ. ಫೈರ್‌ಫಾಕ್ಸಿನವರು 2022ರಿಂದ ಒಂದೊಂದು ತಾಣದ ಕುಕಿಗಳಿಗೂ ಒಂದೊಂದು ಭರಣಿಯನ್ನು ಗೊತ್ತುಮಾಡಿರುವರು. ಒಂದರದು ಇನ್ನೊಂದಕ್ಕೆ ಸೋಕಬಾರದು. ಮಡಿಯ ಮನೆಯಲ್ಲಿ ಬೆಳೆದವನಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಮತ್ತೊಂದು ವಿಚಾರವೂ ಇತ್ತು. ಕ್ರೋಮ್, ಒಪೆರಾ, ಬ್ರೇವ್, 2020ರಿಂದ ಎಡ್ಜ್, ಇವೆಲ್ಲ ಹೆಸರಿನಲ್ಲಿ ಬೇರೆಯಾದರೂ ಕ್ರೋಮಿಯಂ ಎಂಬ ಒಂದೇ ತಳಹದಿಯ ಮೇಲೆ ನಿಂತವು. ಫೈರ್‌ಫಾಕ್ಸಿನ ವಂಶ ಬೇರೆ. ನೆಟ್‌ಸ್ಕೇಪಿನವರು 1998ರಲ್ಲಿ ತಮ್ಮ ಸೋರ್ಸ್ ಕೋಡನ್ನು ಲೋಕಕ್ಕೆ ಬಿಟ್ಟುಕೊಟ್ಟುದರಿಂದ ಹುಟ್ಟಿದ ಮೊಜಿಲ್ಲಾ ಪರಂಪರೆಯದು. 2004ರಲ್ಲಿ ಮೊದಲ ಆವೃತ್ತಿ ಹೊರಬಿದ್ದಿತು. ಒಂದೇ ವ್ಯಾಖ್ಯಾನ ಉಳಿದ ಶಾಸ್ತ್ರದಲ್ಲಿ ವಾದಕ್ಕೆ ಎಡೆಯಿಲ್ಲವೆಂದುಕೊಂಡು ಹೆಮ್ಮೆಯಿಂದಲೇ ಹೊರಟೆನು. ಮೊಜಿಲ್ಲಾದ ವರಮಾನದಲ್ಲಿ ಬಹುಭಾಗವು ಬಹಳ ವರ್ಷಗಳಿಂದ ಗೂಗಲಿನವರಿಂದಲೇ ಬರುತ್ತಿದೆಯೆಂದು ಆಮೇಲೆ ತಿಳಿದು ಆ ಹೆಮ್ಮೆ ಸ್ವಲ್ಪ ತಗ್ಗಿತು.

ಗುರುತಿಟ್ಟ ಪುಟಗಳೆಲ್ಲ ನಿಮಿಷಮಾತ್ರದಲ್ಲಿ ಬಂದುವು. ಪಾಸ್‌ವರ್ಡುಗಳನ್ನು ಮಾತ್ರ ಒಂದು ಕಡತಕ್ಕೆ ಇಳಿಸಿ ಅಲ್ಲಿಂದ ಏರಿಸಬೇಕಾಯಿತು. ಆ ಕಡತದಲ್ಲಿ ಮರೆಯೆಂಬುದಿಲ್ಲ. ತಾಣದ ಹೆಸರು, ಬಳಸುವವರ ಹೆಸರು, ಪಾಸ್‌ವರ್ಡು, ಎಲ್ಲವೂ ಸಾಲಾಗಿ, ಬಿಡಿಬಿಡಿಯಾಗಿ ಕಾಣುತ್ತವೆ. ನನ್ನವು ಸರಿಯಾಗಿವೆಯೇ ಎಂದು ಮೇಲಿನಿಂದ ನೋಡುತ್ತ ಬಂದೆನು. ನಡುವೆ ಒಂದು ನನ್ನದಲ್ಲ.

ನನ್ನಾಕೆ ತೀರಿಕೊಂಡು ಮೂರು ವರ್ಷಗಳಾದುವು. ಮಧ್ಯಾಹ್ನ ಊಟದ ಕೆಲಸ ಮುಗಿದ ಮೇಲೆ ಇದೇ ಯಂತ್ರದ ಮುಂದೆ ಕುಳಿತು ಒಂದು ತಾಣದಲ್ಲಿ ದಾಸರ ಪದಗಳನ್ನು ಕೇಳುವುದು ಆಕೆಯ ಪದ್ಧತಿ. ಅದಕ್ಕೊಂದು ಪಾಸ್‌ವರ್ಡನ್ನು ತಾನೇ ಮಾಡಿಕೊಂಡಿದ್ದಳು. ಏನೆಂದು ಕೇಳಿದರೆ, “ನಿಮಗೆ ಯಾಕೆ ಅದು? ನಿಮ್ಮ ನಿಘಂಟಿನಲ್ಲಿ ಇಲ್ಲದ ಮಾತು” ಎಂದು ನಗುವಳು. ನನಗೆ ಕಾಣುತ್ತಿದ್ದುದು ಚುಕ್ಕೆಗಳು ಮಾತ್ರ.

ಅದು ಆಕೆಯ ತೌರುಮನೆಯ ಹಸುವಿನ ಹೆಸರು. ಮುಂದೆ ಒಂದು ಇಸವಿ. ಪಾಸ್‌ವರ್ಡಾದುದರಿಂದ ಇಲ್ಲಿ ಬರೆಯಲಾರೆನು. ಇಸವಿಯನ್ನು ಕಂಡೊಡನೆ ನಮ್ಮ ಮದುವೆಯ ವರ್ಷವೆಂದು ಹಿಗ್ಗಿದೆನು. ಹಿಗ್ಗು ಬಹಳ ಹೊತ್ತು ನಿಲ್ಲಲಿಲ್ಲ. ಮದುವೆಯ ಖರ್ಚಿಗೆಂದು ಮಾವನವರು ಆ ಹಸುವನ್ನು ಮಾರಿದುದೂ ಆ ವರ್ಷವೇ. ಬಂದ ಹೊಸತರಲ್ಲಿ ಒಂದು ಸಂಜೆ ಆಕೆ ಅದನ್ನು ನನಗೆ ಹೇಳಿದ್ದಳು: ಕೊಂಡವರು ಹಗ್ಗ ಹಿಡಿದು ಎಳೆದರೂ ಅದು ಹಿತ್ತಿಲ ಬಾಗಿಲು ಬಿಟ್ಟು ಕದಲಲಿಲ್ಲವೆಂದು, ಕಡೆಗೆ ತಾನೇ ಊರಾಚೆಯ ಹುಣಿಸೆಮರದವರೆಗೆ ಜೊತೆಯಲ್ಲಿ ನಡೆದು ಬಿಟ್ಟು ಬಂದೆನೆಂದು. “ಹೌದೇನು” ಎಂದು ನಾನು ಸಂಧ್ಯಾವಂದನೆಗೆ ಎದ್ದಿದ್ದೆನು. ಆಕೆ ಮತ್ತೆ ಆ ಮಾತನ್ನು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಅಂತಹ ಕಡತವನ್ನು ಉಳಿಸಿಕೊಳ್ಳಬಾರದು. ಯಾರ ಕೈಗೆ ಬಿದ್ದರೂ ಓದಬಹುದು. ಅಳಿಸಿದೆನು, ಕಸದಬುಟ್ಟಿಯಲ್ಲಿದ್ದುದನ್ನೂ ತೆಗೆದೆನು. ಆಕೆಯ ಆ ಖಾತೆಯನ್ನು ಇನ್ನು ಮುಚ್ಚಬಹುದಲ್ಲವೇ ಎಂದು ಹುಡುಗನು ಕೇಳಿದನು. ಇರಲಿ ಎಂದೆನು. ಈಗ ಮಧ್ಯಾಹ್ನದ ಹೊತ್ತು ಆ ತಾಣವನ್ನು ತೆರೆದರೆ ಹೊಸ ಬ್ರೌಸರು ತಾನಾಗಿಯೇ ಚುಕ್ಕೆಗಳನ್ನು ತುಂಬುತ್ತದೆ. ಮೊದಲ ಚುಕ್ಕೆಗಳು ಹಸುವಿನವು, ಕಡೆಯ ನಾಲ್ಕು ಇಸವಿಯವು.