250 ಪದಗಳಲ್ಲಿ ಎರೆ ಹೊಲ

ಇನ್ನೂ ನಿಶ್ಚಯವೇ ಆಗದ ಮದುವೆಯ ಊಟ ಬಹಳ ರುಚಿಯಾಗಿತ್ತು ಎಂದು ಮೊದಲೇ ಬರೆದುಕೊಡುವ ಕಲೆಗೆ ವಿಜ್ಞಾನಿಗಳು ಅಬ್‌ಸ್ಟ್ರ್ಯಾಕ್ಟ್ ಎಂದು ಹೆಸರಿಟ್ಟಿದ್ದಾರೆ. ಸಮ್ಮೇಳನ ಜುಲೈಯಲ್ಲಿ. ಅಬ್‌ಸ್ಟ್ರ್ಯಾಕ್ಟ್ ಮಾತ್ರ ಅದಕ್ಕೂ ಮೊದಲಿನ ಚಳಿಗಾಲದಲ್ಲೇ ಬೇಕು. ಏನು ಮಾಡಿದಿರಿ, ಹೇಗೆ ಮಾಡಿದಿರಿ, ಏನು ಕಂಡಿರಿ, ಅದರಿಂದ ಲೋಕಕ್ಕೇನು ಲಾಭ, ಎಲ್ಲವೂ 250 ಪದಗಳಲ್ಲಿ. ಮಾಡಬೇಕಾದ ಕೆಲಸ ಇನ್ನೂ ಗೋಣಿಚೀಲದೊಳಗೆ, ಪ್ರಯೋಗಾಲಯದ ಮೂಲೆಯಲ್ಲಿ ಬಾಯಿ ಕಟ್ಟಿಸಿಕೊಂಡು ಕೂತಿರುತ್ತದೆ. ಇಂಥ ಸಂಕಟಕ್ಕೆಂದೇ ನಮ್ಮ ಹಿರಿಯರು ಒಂದು ವಾಕ್ಯ ಮಾಡಿಟ್ಟು ಹೋಗಿದ್ದಾರೆ: ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು.’ ಈ ವಾಕ್ಯದ ಆಸರೆಯಲ್ಲಿ ಎಷ್ಟು ಜನ ಪ್ರೊಫೆಸರರಾದರು, ಎಷ್ಟು ಜನ ವಿಮಾನ ಹತ್ತಿದರು ಎಂದು ಯಾರಾದರೂ ಲೆಕ್ಕ ಹಾಕಹೊರಟರೆ ಅವರೂ ಮೊದಲು ಒಂದು ಅಬ್‌ಸ್ಟ್ರ್ಯಾಕ್ಟ್ ಕಳಿಸಬೇಕಾಗುತ್ತದೆ.

ಬೇರೆ ವಿಜ್ಞಾನದವರು ಹಗಲೂ ರಾತ್ರಿ ದುಡಿದು ಹೇಗೋ ಮುಗಿಸಬಹುದು. ಜೇಡಿಮಣ್ಣಿನವರಿಗೆ ಆ ಭಾಗ್ಯವಿಲ್ಲ. ಮಣ್ಣಿನಲ್ಲಿ 2 ಮೈಕ್ರಾನಿಗಿಂತ ಸಣ್ಣ ಕಣಗಳನ್ನಷ್ಟೇ ನಾವು ಜೇಡಿ ಎನ್ನುವುದು. ಅದನ್ನು ಬೇರ್ಪಡಿಸಬೇಕಾದರೆ ಮಣ್ಣನ್ನು ನೀರಿನಲ್ಲಿ ಚೆನ್ನಾಗಿ ಕದಡಿ, ಉದ್ದನೆಯ ಗಾಜಿನ ಜಾಡಿಯಲ್ಲಿ ನಿಲ್ಲಿಸಿ, ಕೈಕಟ್ಟಿ ಕೂರಬೇಕು. ನೀರು 20 ಡಿಗ್ರಿ ಸೆಲ್ಸಿಯಸ್ ಇದ್ದರೆ 2 ಮೈಕ್ರಾನಿನ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ. ಬೇಸಿಗೆಯಲ್ಲಿ ಸ್ವಲ್ಪ ಬೇಗ ಇಳಿಯುತ್ತದೆ. ಯಾವ ಉಷ್ಣತೆಗೆ ಎಷ್ಟು ಹೊತ್ತು ಎಂಬ ಪಟ್ಟಿ ಗೋಡೆಗೆ ಅಂಟಿಸಿರುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಕದಡಿಟ್ಟರೆ ಸಂಜೆ ಏಳರ ಸುಮಾರಿಗೆ, ಉಸಿರು ಬಿಗಿಹಿಡಿದು, ಪಿಪೆಟ್ಟನ್ನು ಕೂದಲೆಳೆಯಷ್ಟೂ ಅಲುಗಿಸದೆ ಗುರುತಿನ ಮಟ್ಟಕ್ಕಿಳಿಸಿ ಹೀರಬೇಕು. ಅಷ್ಟರಲ್ಲಿ ಜವಾನ ಬೀಗದ ಕೈ ಕುಣಿಸುತ್ತ ಬಂದು ಜಾಡಿಯ ಮೇಜಿಗೆ ಸೊಂಟ ತಾಗಿಸಿದನೋ, ಮರುದಿನ ಹನ್ನೊಂದರಿಂದ ಹೊಸ ಅಧ್ಯಾಯ.

ಅದಾದ ಮೇಲೆ ಎಕ್ಸ್‌ರೇ. ಗಾಜಿನ ಪಟ್ಟಿಯ ಮೇಲೆ ಜೇಡಿಯ ನೀರು ಬಿಟ್ಟು ಅದು ತಾನಾಗಿ ಆರುವ ತನಕ ಕಾಯಬೇಕು. ಅವಸರಪಟ್ಟು ಒಣಗಿಸಿದರೆ ಪದರ ಬಿರಿದು, ಸುಲಿದು, ಸುರುಳಿ ಸುತ್ತಿಕೊಳ್ಳುತ್ತದೆ. ಬಳಿಕ ಗ್ಲೈಕಾಲ್ ಆವಿಯಲ್ಲಿ ರಾತ್ರಿಯಿಡೀ ವಾಸ. ಪದರದಿಂದ ಪದರಕ್ಕಿರುವ ಅಂತರ 14 ಆಂಗ್‌ಸ್ಟ್ರಾಮಿನಿಂದ 17ಕ್ಕೆ ಏರಿತೋ, ಅದು ಸ್ಮೆಕ್ಟೈಟ್. ಗ್ಲೈಕಾಲ್ ಕುಡಿಸಿದರೂ 7ರಲ್ಲೇ ಕದಲದೆ ಕೂತದ್ದು ಕಯೋಲಿನೈಟ್. ಅದನ್ನು ಮಣಿಸಲು 550 ಡಿಗ್ರಿ ಕಾಸಬೇಕು. ನಮ್ಮ ಧಾರವಾಡ ಸೀಮೆಯ ಎರೆ ಮಣ್ಣಿನಲ್ಲಿ ಸ್ಮೆಕ್ಟೈಟಿನದೇ ರಾಜ್ಯಭಾರ. ಮಳೆಗೆ ಉಬ್ಬುವುದು, ಬೇಸಿಗೆಗೆ ಬಾಯ್ಬಿಡುವುದು, ಹೊಸ ಮನೆಯ ಗೋಡೆಯನ್ನು ಗೃಹಪ್ರವೇಶದ ಮರುವರ್ಷವೇ ಓರೆಯಾಗಿ ಸೀಳುವುದು, ಎಲ್ಲವೂ ಅದರದೇ ಕಾರುಬಾರು.

ಅಂತರರಾಷ್ಟ್ರೀಯ ಜೇಡಿ ಸಮ್ಮೇಳನಗಳು ಶುರುವಾದದ್ದು 1963ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಮೊದಮೊದಲು ಮೂರು ವರ್ಷಕ್ಕೊಮ್ಮೆ, ಈಗ ನಾಲ್ಕು ವರ್ಷಕ್ಕೊಮ್ಮೆ. ಜಗತ್ತಿನಲ್ಲಿ ಇಷ್ಟೊಂದು ಜನ ಮಣ್ಣಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆಂದು ತಿಳಿದರೆ ನಮ್ಮ ಊರವರಿಗೆ ಸಮಾಧಾನವೂ ಆದೀತು, ಗಾಬರಿಯೂ ಆದೀತು. ನಮ್ಮ ಗುರುಗಳು ಆ ಕಾಲದ ಅಬ್‌ಸ್ಟ್ರ್ಯಾಕ್ಟಿನ ಕಥೆ ಹೇಳುತ್ತಿದ್ದರು. ಅಂಚೆಯಲ್ಲಿ ಒಂದು ಹಾಳೆ ಬರುತ್ತಿತ್ತು. ಅದರ ಮೇಲೆ ತೆಳು ನೀಲಿ ಗೆರೆಯ ಒಂದು ಚೌಕ. ಬೆರಳಚ್ಚು ಯಂತ್ರದಲ್ಲಿ ಹೊಡೆದ ಅಕ್ಷರ ಆ ಗೆರೆ ದಾಟಬಾರದು. ಹಾಳೆ ಒಂದೇ, ತಪ್ಪಿಗೆ ಕ್ಷಮೆಯಿಲ್ಲ. ಚೌಕ ಮುಗಿಯಿತೆಂದರೆ ವಿಜ್ಞಾನವೂ ಮುಗಿಯಿತು. ‘ರೈತರಿಗೆ ಇದರಿಂದ’ ಎಂಬಲ್ಲಿಗೆ ಜಾಗ ತೀರಿ, ರೈತರನ್ನೇ ತೆಗೆದು ಪೂರ್ಣವಿರಾಮ ಹಾಕಿದ್ದನ್ನು ಅವರು ಕೊನೆಯ ತನಕ ನೆನೆದು ನಗುತ್ತಿದ್ದರು.

ಅವರು ಹೊಲಕ್ಕೆ ಬಂದರೆ ಮೊದಲ ಕೆಲಸ ಚಿಟಿಕೆ ಮಣ್ಣು ಬಾಯಿಗೆ ಹಾಕುವುದು. ಮುಂದಿನ ಹಲ್ಲಿನಿಂದ ಮೆಲ್ಲಗೆ ಕಚ್ಚಿ, ಕಣ್ಣು ಮುಚ್ಚಿ, ತೀರ್ಪು ಕೊಡುವರು: “ಹಲ್ಲಿಗೆ ಕರಕರ ಅಂದ್ರ ಮರಳೈತಿ. ನಾಲಿಗಿಗೆ ಅಂಟಿ ಬಿಡಲಿಲ್ಲಂದ್ರ ಅದು ನಮ್ಮ ಮಂದಿ.” ಆಮೇಲೆ ಜಾಡಿ, ಪಿಪೆಟ್ಟು, ಎಕ್ಸ್‌ರೇ ಎಲ್ಲ ಮಾಡಿ ನಾವು ತರುತ್ತಿದ್ದ ಅಂಕಿಗಳಿಗೂ ಅವರ ನಾಲಿಗೆಗೂ ಹೆಚ್ಚು ವ್ಯತ್ಯಾಸ ಬರುತ್ತಿರಲಿಲ್ಲ. ಆದರೆ ‘ವಿಧಾನ’ ಎಂಬ ತಲೆಬರಹದ ಕೆಳಗೆ ‘ಕಚ್ಚಿ ನೋಡಲಾಯಿತು’ ಎಂದು ಬರೆಯುವ ಎದೆಗಾರಿಕೆ ಅವರಿಗೂ ಬರಲಿಲ್ಲ, ನನಗೂ ಬಂದಿಲ್ಲ. ಅವರು ಹೋಗಿ ಬಹಳ ವರ್ಷವಾಯಿತು. ಪಾರದರ್ಶಕ ಹಾಳೆಗಳ ಮೇಲೆ ಸ್ಕೆಚ್ ಪೆನ್ನಿನಿಂದ ಅವರು ಬಿಡಿಸಿದ ಜೇಡಿಯ ಪದರಗಳು ನನ್ನ ಬೀರುವಿನಲ್ಲಿವೆ. ಧಾರವಾಡದ ಮಳೆಗಾಲಗಳನ್ನು ಉಂಡು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಲು ಹೋದರೆ ಕಯೋಲಿನೈಟಿನ ಮೇಲೆ ಸ್ಮೆಕ್ಟೈಟ್ ಎದ್ದು ಬರುತ್ತದೆ.

ಈಗ ನೀಲಿ ಚೌಕವಿಲ್ಲ. ಪರದೆಯ ಮೇಲೆ ತುಂಬುವುದು. 251ನೆಯ ಪದಕ್ಕೆ ಕೆಂಪು ಅಕ್ಷರದಲ್ಲಿ ಗದರಿಕೆ. ಸಹಲೇಖಕರ ಪಟ್ಟಿಗೆ ಮಾತ್ರ ಮಿತಿಯಿಲ್ಲವಾದ್ದರಿಂದ ಕಾರಿಡಾರಿನಲ್ಲಿ ಹಾದುಹೋದವರಿಗೂ ಜಾಗ ಸಿಗುತ್ತದೆ. ಇನ್ನು ಕೊನೆಯ ದಿನಾಂಕ. ಅದು ಮುಂದಕ್ಕೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೂ ಹಿಂದಿನ ರಾತ್ರಿ ಎಲ್ಲರೂ ಎಚ್ಚರವಿರುತ್ತಾರೆ, ‘ವಿಸ್ತರಿಸಲಾಗಿದೆ’ ಎಂಬ ಮಿಂಚಂಚೆ ಬರಲೆಂದು.

ಶೀರ್ಷಿಕೆ ದೊಡ್ಡ ತಲೆನೋವು. ಸ್ಪೇನಿನ ಗ್ರನಾಡಾದಲ್ಲಿ 2017ರ ಸಮ್ಮೇಳನ ಎಂದಾಗ ನಾನು ಬರೆದದ್ದು ನವಲಗುಂದದ ಕಡೆಯ ಒಂದು ಎರೆ ಹೊಲದ ಬಿರುಕುಗಳ ಬಗ್ಗೆ. ನನ್ನ ವಿದ್ಯಾರ್ಥಿ ಓದಿ, ಮುಖ ಸಪ್ಪೆ ಮಾಡಿ, “ಸರ್, ಎಲ್ಲಾದ್ರೂ ನ್ಯಾನೊ ಅಂತ ಹಾಕೋಣ” ಎಂದ. ಸ್ಮೆಕ್ಟೈಟಿನ ಒಂದು ಪದರದ ದಪ್ಪವೇ ಸುಮಾರು ಒಂದು ನ್ಯಾನೊಮೀಟರ್. ಆ ಮಾತಿಗೆ ಮರ್ಯಾದೆ ಬರುವ ಮೊದಲಿನಿಂದಲೂ ಅದು ಅಷ್ಟೇ ತೆಳ್ಳಗಿದೆ. ಆದರೂ ಹುಡುಗನ ಮಾತಿನಲ್ಲಿ ಹುರುಳಿತ್ತು, ಪೈಪೋಟಿ ದೊಡ್ಡದು. ಸ್ವೀಡನ್, ಫಿನ್‌ಲ್ಯಾಂಡಿನವರು ಉರಿದ ಅಣು ಇಂಧನವನ್ನು ತಾಮ್ರದ ಡಬ್ಬಿಯಲ್ಲಿಟ್ಟು, ಸುತ್ತ ಸ್ಮೆಕ್ಟೈಟೇ ಹೆಚ್ಚಿರುವ ಬೆಂಟೊನೈಟ್ ಜೇಡಿ ತುಂಬಿ, ಬಂಡೆಯಾಳದಲ್ಲಿ ಹೂಳುವ ಯೋಜನೆಯಲ್ಲಿದ್ದಾರೆ. ಕ್ಯೂರಿಯಾಸಿಟಿ ಗಾಡಿ ಮಂಗಳನ ಗೇಲ್ ಕುಳಿಯಲ್ಲಿ 2013ರಲ್ಲಿ ಕೊರೆದ ಕೆಸರುಗಲ್ಲಿನಲ್ಲೂ ಸ್ಮೆಕ್ಟೈಟ್ ಸಿಕ್ಕಿದೆ. ಲಕ್ಷ ವರ್ಷದ ಅಣು ಕಸ, ಕೋಟಿಗಟ್ಟಲೆ ಕಿಲೋಮೀಟರ್ ದೂರದ ಗ್ರಹ, ಇವುಗಳ ನಡುವೆ ನವಲಗುಂದದ ಹೆಸರುಕಾಳು ಬೆಳೆಯುವ ಹೊಲ. ಪ್ರಯೋಗಕ್ಕೆ ಎಷ್ಟೋ ಜನ ಅಮೆರಿಕದ ಜೇಡಿ ಸಂಘದ ಉಗ್ರಾಣದಿಂದ ಸೀಸೆ ತರಿಸಿಕೊಳ್ಳುತ್ತಾರೆ: ಜಾರ್ಜಿಯಾದ ಕಯೋಲಿನೈಟ್, ವ್ಯೋಮಿಂಗಿನ ಮಾಂಟ್‌ಮೊರಿಲೊನೈಟ್ ಎಂಬ ಸ್ಮೆಕ್ಟೈಟ್. ಶುದ್ಧ ಕುಲದ, ದಾಖಲೆಯಿರುವ ಜೇಡಿ. ಅದಕ್ಕೆ ಯಜಮಾನ ಇರುವುದಿಲ್ಲ, ಬದುವಿನ ಜಗಳ ಇರುವುದಿಲ್ಲ, ಚಹಾ ಕುಡಿದೇ ಹೋಗಬೇಕೆಂಬ ಒತ್ತಾಯವೂ ಇರುವುದಿಲ್ಲ.

ನನ್ನ ಮಣ್ಣಿಗೆ ಯಜಮಾನರಿದ್ದರು. ನಾನು ಅವರನ್ನು ಕಾಕಾ ಎನ್ನುವುದು. ಏಪ್ರಿಲ್ ಬಿಸಿಲಲ್ಲಿ ಬಿರುಕಿನ ಆಳ ಅಳೆಯುತ್ತ ನಾನು ಬೋರಲು ಮಲಗಿದ್ದರೆ, ಅವರು ಬಾರುಕೋಲನ್ನು ಸಲೀಸಾಗಿ ಹಿಡಿಕೆ ಮಟ್ಟ ಇಳಿಸಿ ತೋರಿಸಿದರು.

“ಇದೇನ್ರೀ ಸಾಹೇಬ್ರ, ಒಂದ್ ವರ್ಷ ನಮ್ಮವ್ವನ ಕುಡಗೋಲು ಇದರಾಗ ಬಿತ್ತು. ಕೈ ಹಾಕಿದ್ವಿ, ಸಿಗಲಿಲ್ಲ. ಹೋತಂತ ಬಿಟ್ವಿ. ಅವ್ವ ಸತ್ತ ಮ್ಯಾಲ ಒಂದಿನ ಹರಗೂ ಮುಂದ ಅದ ಕುಡಗೋಲು ಕುಂಟಿಗೆ ಸಿಕ್ಕತ್ರಿ. ಹೊಲ ತಾನ ಮ್ಯಾಲ ಕೊಟ್ಟತಿ.”

ಎರೆ ಮಣ್ಣು ಮೇಲಿನದನ್ನು ಬಿರುಕಿನಲ್ಲಿ ನುಂಗುತ್ತದೆ. ಮಳೆಗೆ ಉಬ್ಬಿ ಒತ್ತಿದಾಗ ಕೆಳಗಿನದನ್ನು ಮೇಲಕ್ಕೆ ತಳ್ಳುತ್ತದೆ. ತನ್ನನ್ನು ತಾನೇ ಮಗುಚುವ ಮಣ್ಣು ಎಂದು ಪಠ್ಯಪುಸ್ತಕಗಳು ಒಂದಿಡೀ ಅಧ್ಯಾಯ ಬರೆದಿರುವುದನ್ನು ಕಾಕಾ ಒಂದು ಕುಡಗೋಲಿನಲ್ಲಿ ಮುಗಿಸಿದ್ದರು. ಇದನ್ನು 250ರಲ್ಲಿ ಸೇರಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಕುಡಗೋಲು ಯಾವ ವರ್ಷ ಬಿತ್ತು, ಎಷ್ಟು ಆಳಕ್ಕೆ, ಎಷ್ಟು ಸಲ ಪುನರಾವರ್ತಿಸಿದಿರಿ ಎಂದು ಯಾರಾದರೂ ಕೇಳಿದರೆ? ತೆಗೆದುಹಾಕಿದೆ. ಆ ಜಾಗದಲ್ಲಿ ‘ಫಲಿತಾಂಶಗಳನ್ನು ಚರ್ಚಿಸಲಾಗುವುದು’ ಬಂದು ಕೂತಿತು.

ಭಾಷಣಕ್ಕೆ ಟಿಕ್ ಹಾಕಿದ್ದೆ, ಪೋಸ್ಟರ್ ಸಿಕ್ಕಿತು. ಪೋಸ್ಟರೆಂದರೆ ಸಾಮಾನ್ಯವಾಗಿ ಎ0 ಅಳತೆ, 84 ಸೆಂಟಿಮೀಟರ್ ಅಗಲ, 119 ಉದ್ದ. ಕಾಗದದ್ದು ಮುದುಡೀತೆಂದು ಫ್ಲೆಕ್ಸಿನಲ್ಲಿ ಮಾಡಿಸಲು ಅಂಗಡಿಗೆ ಹೋದೆ. ಪುಢಾರಿಗಳ ಹುಟ್ಟುಹಬ್ಬದ ಬ್ಯಾನರುಗಳ ನಡುವೆ ಕೂತಿದ್ದ ಹುಡುಗ ನನ್ನ ಎಕ್ಸ್‌ರೇ ಗೆರೆಗಳನ್ನು ದಿಟ್ಟಿಸಿ, “ಸರ್, ಇದು ಯಾರದ ಇಸಿಜಿ?” ಎಂದ. ಆಮೇಲೆ ಅವನ ಕಸುಬಿನ ಅಭಿಮಾನ ಜಾಗೃತವಾಯಿತು. ಹಿನ್ನೆಲೆ ತೀರಾ ಬೆಳ್ಳಗಾಯಿತು, ಮೂಲೆಯಲ್ಲಿ ಶುಭ ಕೋರುವವರ ಫೋಟೊ ಇಲ್ಲ, ಹೀಗಾದರೆ ಯಾರು ನೋಡುತ್ತಾರೆ ಎಂದು ವಾದಿಸಿದ. ಶುಭ ಕೋರುವವರೇ ಸಹಲೇಖಕರಾಗಿದ್ದಾರೆ ಎಂದೆ. ಬಿರುಕಿನ ಫೋಟೊದಲ್ಲಿ ಅಳತೆಗೆಂದು ಕಾಕಾನ ಬಾರುಕೋಲೇ ಇತ್ತು. ವಿದ್ಯಾರ್ಥಿ ಅದನ್ನು ಕತ್ತರಿಸಿ ಸೆಂಟಿಮೀಟರ್ ಪಟ್ಟಿ ಹಾಕಲು ನೋಡಿದ. ಅಲ್ಲಿ ಮಾತ್ರ ನಾನು ಸೋಲಲಿಲ್ಲ. ಬಾರುಕೋಲು ಸ್ಪೇನಿಗೆ ಹೋಯಿತು.

ಮಣ್ಣು ಹೋಗಲಿಲ್ಲ. ಮಣ್ಣಿನಲ್ಲಿ ರೋಗ, ಕೀಟ, ಕಳೆ ಬೀಜ ಬಂದಾವೆಂದು ದೇಶದೇಶಗಳಲ್ಲಿ ಕಟ್ಟುನಿಟ್ಟು. ಆಸ್ಟ್ರೇಲಿಯಾದಲ್ಲಂತೂ ಬೂಟಿಗೆ ಮೆತ್ತಿದ ಮಣ್ಣನ್ನೂ ಘೋಷಿಸಬೇಕು. ಹೀಗೆ ಲೋಕದ ಮಣ್ಣಿನವರೆಲ್ಲ ಬೂಟು ತೊಳೆದುಕೊಂಡು, ಉಗುರು ಕತ್ತರಿಸಿಕೊಂಡು, ಬರಿಗೈಲಿ ಬಂದು ಸೇರುತ್ತಾರೆ.

ಪೋಸ್ಟರಿನ ಮುಂದೆ ನಿಲ್ಲುವವನ ಪಾಡು ನಿಂತವನಿಗೇ ಗೊತ್ತು. ಯಾರಾದರೂ ಬಂದರೆ ಎಂದು ಮುಗುಳ್ನಗೆ ಸಿದ್ಧವಿರಬೇಕು. ಬಂದವರು ಕಾಫಿ ಎಲ್ಲಿ ಎಂದು ಕೇಳಿದರೆ ಅದನ್ನು ಮಡಚಿಡಬೇಕು. ಮಂಗಳ ಗ್ರಹದವರ ಮುಂದೆ ಗುಂಪು ನೆರೆದಿತ್ತು. ನನ್ನೆದುರು ಒಬ್ಬ ಹಿರಿಯರು ನಿಂತರು. ಎಕ್ಸ್‌ರೇ ಗೆರೆಗಳನ್ನು ನೋಡಲೇ ಇಲ್ಲ, ಬಿರುಕಿನ ಫೋಟೊಕ್ಕೆ ಮೂಗು ತಾಗಿಸಿದರು. ಆಂದಲೂಸಿಯಾದಲ್ಲೂ ಇಂಥ ಕಪ್ಪು ನೆಲವಿದೆ, ಅಲ್ಲಿಯವರೇ. ಅರೆಬರೆ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ದನದ ಕಾಲು ಇದರಲ್ಲಿ ಸಿಕ್ಕಿಕೊಳ್ಳುವುದಿಲ್ಲವೇ? ನಾನು ಹೌದೆಂದು ಹೇಳಿ, ತಡೆಯಲಾರದೆ ಕುಡಗೋಲಿನ ಕಥೆಯನ್ನೂ ಹೇಳಿದೆ, ಅರ್ಧ ಮಾತಿನಲ್ಲಿ, ಅರ್ಧ ಕೈಯಲ್ಲಿ. ಅವರು ಅದೆಷ್ಟು ನಕ್ಕರೆಂದರೆ ಮಂಗಳದ ಗುಂಪಿನಿಂದ ಇಬ್ಬರು ಇತ್ತ ತಿರುಗಿದರು. ಅಬ್‌ಸ್ಟ್ರ್ಯಾಕ್ಟಿನಲ್ಲಿ ಇದೇಕಿಲ್ಲ ಎಂದು ಹಿರಿಯರು ಪುಟ ತಿರುವಿ ಹುಡುಕಿದರು. ಸಂಜೆ ಅಲ್‌ಹಂಬ್ರಾ ನೋಡಲು ಹೋದೆವು. ಆ ಕೋಟೆಯ ಗೋಡೆಗಳಲ್ಲಿ ಬಹುಪಾಲು ಕೆಮ್ಮಣ್ಣನ್ನು ಅಚ್ಚಿನೊಳಗೆ ಬಡಿದು ಕಟ್ಟಿದವು. ಗುರುಗಳು ಬಂದಿದ್ದರೆ ಕಾವಲುಗಾರರ ಕಣ್ಣು ತಪ್ಪಿಸಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೇ ಹಾಕಿಕೊಳ್ಳುತ್ತಿದ್ದರು.

ಊರಿಗೆ ಬಂದ ಮೇಲೆ ಪೋಸ್ಟರನ್ನು ಕಾಕಾಗೆ ಕೊಟ್ಟೆ. ಬಾರುಕೋಲನ್ನು ಗುರುತು ಹಿಡಿದು ಮೊಮ್ಮಕ್ಕಳನ್ನೆಲ್ಲ ಕರೆದು ತೋರಿಸಿದರು. ಪಡಸಾಲೆಯಲ್ಲಿ ತೂಗುಹಾಕುತ್ತಾರೆಂದುಕೊಂಡಿದ್ದೆ. ಹೆಸರಿನ ರಾಶಿಯ ಹೊತ್ತಿಗೆ ಮತ್ತೆ ಹೋದಾಗ ಮಳೆ ಜಿನುಗುತ್ತಿತ್ತು. ಕಣದಲ್ಲಿ ಕಾಳಿನ ರಾಶಿಯ ಮೇಲೆ ನನ್ನ ಫ್ಲೆಕ್ಸು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ನನ್ನ ಮುಖ ನೋಡಿ ಕಾಕಾ ತಾವೇ ಹೇಳಿದರು:

“ಅಕ್ಷರ ಒಳಮಗ್ಗಲಕ್ಕ ಮಾಡೀನ್ರೀ, ತೋಯಬಾರ್ದಂತ. ಛಲೋ ಬಾಳಿಕಿ ಬರ್ತೈತಿ. ಮುಂದಿನ ಸರ್ತಿ ಹೋಗೂ ಮುಂದ ಸ್ವಲ್ಪ ದೊಡ್ಡದ ಮಾಡಸ್ರಿ ಸಾಹೇಬ್ರ, ಈ ಕಡಿ ಮೊಳದಷ್ಟ ಸಾಲವಲ್ದು.”