ರಾಜಾಜಿನಗರದಿಂದ ಕೆಂಗೇರಿವರೆಗೆ, ಎಐ ಹುಡುಕಿಕೊಂಡು

ಬೆಂಗಳೂರಲ್ಲಿ ಕೃತಕ ಬುದ್ಧಿಮತ್ತೆ, ಅಂದರೆ ಈಗ ಎಲ್ಲರ ಬಾಯಲ್ಲಿರುವ ಎಐ ನೋಡಬೇಕು ಅಂದರೆ ಜನ ವೈಟ್‌ಫೀಲ್ಡ್ ಕಡೆಗೋ ಎಲೆಕ್ಟ್ರಾನಿಕ್ ಸಿಟಿ ಕಡೆಗೋ ಕೈ ತೋರಿಸುತ್ತಾರೆ. ನಮ್ಮ ಪಶ್ಚಿಮ ಬೆಂಗಳೂರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಲ್ಲಿರುವುದು ಹಳೇ ಕಾರ್ಖಾನೆ, ಮಧ್ಯಮ ವರ್ಗದ ಮನೆ, ದರ್ಶಿನಿ, ಕೋಚಿಂಗ್ ಸೆಂಟರ್. ಆದರೆ ಎಐ ತಯಾರಾಗುವ ಜಾಗ ಬೇರೆ, ಅದರ ಬಿಸಿ ತಟ್ಟುವ ಜಾಗ ಬೇರೆ.

ನನ್ನ ತಂಗಿಯ ಮಗಳು ಕನ್ನಡ ಎಂ.ಎ. ಮುಗಿಸಿದ್ದಾಳೆ. ಅನುವಾದವನ್ನೇ ಕೆಲಸ ಮಾಡಿಕೊಳ್ಳಬೇಕು ಅಂತ ಅವಳ ಆಸೆ. "ಅದನ್ನೆಲ್ಲ ಈಗ ಫೋನೇ ಮಾಡುತ್ತೆ, ಸುಮ್ಮನೆ ಬ್ಯಾಂಕ್ ಪರೀಕ್ಷೆ ಕಟ್ಟು" ಅಂತ ಮನೆಯವರ ಒತ್ತಾಯ. "ನೀವೇನಂತೀರಿ ದೊಡ್ಡಮ್ಮ?" ಅಂದಳು. ಕೂತಲ್ಲೇ ಹೇಳುವ ಉತ್ತರ ಅದಲ್ಲ. ಒಂದು ಶನಿವಾರ ಇಬ್ಬರೂ ಸುತ್ತಾಟಕ್ಕೆ ಹೊರಟೆವು.

ರಾಜಾಜಿನಗರಕ್ಕೆ ಹೆಸರು ಕೊಟ್ಟವರು ಸಿ. ರಾಜಗೋಪಾಲಾಚಾರಿ. 1949ರ ಹೊತ್ತಿಗೆ ಕಾರ್ಖಾನೆ ಮತ್ತು ಕಾರ್ಮಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಬಡಾವಣೆ ಇದು. ಇಂಡಸ್ಟ್ರಿಯಲ್ ಟೌನ್ ಒಳಗೆ ಹೋದರೆ ಈಗಲೂ ಶೆಡ್ಡುಗಳಿಂದ ಎಣ್ಣೆ, ಸುಟ್ಟ ಕಬ್ಬಿಣದ ವಾಸನೆ ಬರುತ್ತೆ. ಅಂಥದೊಂದು ಶೆಡ್ಡಿನ ಯಜಮಾನರು ಕಾಫಿ ತರಿಸಿ ಹೇಳಿದರು: "ನಾಲ್ಕು ಲೇತಲ್ಲಿ ನಾಲ್ಕು ಜನ ಮಾಡ್ತಿದ್ದ ಕೆಲಸಾನ ಈಗ ಒಂದು ಸಿಎನ್‌ಸಿ ಮಾಡುತ್ತೆ. ಇಬ್ಬರು ಹೊಸ ಮಷೀನು ಕಲಿತರು. ಇಬ್ಬರು ಊರಿಗೆ ಹೋದ್ರು. ಕಲಿತವರ ಬಗ್ಗೆ ಎಲ್ಲರೂ ಮಾತಾಡ್ತಾರೆ ಮೇಡಂ, ಊರಿಗೆ ಹೋದವರನ್ನ ಯಾರೂ ಕೇಳಲ್ಲ."

ಅತ್ತ ಮಾಗಡಿ ರಸ್ತೆ ಕಡೆ ಬಂದರೆ ಇದೇ ಮಾತಿನ ದೊಡ್ಡ ರೂಪ ಕಾಣುತ್ತೆ. 1884ರಲ್ಲಿ ಶುರುವಾಗಿ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಎತ್ತರದ ಅಪಾರ್ಟ್‌ಮೆಂಟುಗಳಿವೆ. ಮಿಲ್ಲಿನ ಸೈರನ್ನಿಗೆ ಗಡಿಯಾರ ಸರಿ ಮಾಡಿಕೊಂಡವರು ನಮ್ಮ ಬೀದಿಯಲ್ಲಿ ಇನ್ನೂ ಇದ್ದಾರೆ.

ಬಸವೇಶ್ವರನಗರದಲ್ಲಿ ನಮಗೆ ಬೇಕಾದ ಅಂಗಡಿ ಸಿಕ್ಕಿತು. ಜೆರಾಕ್ಸ್, ಡಿಟಿಪಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಎಲ್ಲವೂ ಹತ್ತಡಿ ಜಾಗದಲ್ಲಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಮೇಲೆ ನಿಂತ ‘ನುಡಿ’ ತಂತ್ರಾಂಶದಲ್ಲಿ ಕಣ್ಣುಮುಚ್ಚಿ ಟೈಪ್ ಮಾಡುವ ಕೈ ಅಂಗಡಿಯವರದು. ಈಗ ಗಿರಾಕಿಗಳು ಫೋನಿಗೆ ಮಾತಾಡಿಯೇ ಟೈಪ್ ಮಾಡಿಕೊಂಡು ಬರುತ್ತಾರೆ, ಪ್ರಿಂಟ್ ಮಾತ್ರ ಇಲ್ಲಿ. ಒಬ್ಬರು ಸೈಟಿನ ಕ್ರಯಪತ್ರವನ್ನು ಫೋನಿನಲ್ಲೇ ಇಂಗ್ಲಿಷಿಗೆ ಮಾಡಿಸಿ ತಂದಿದ್ದರಂತೆ. ‘ಚೆಕ್ಕುಬಂದಿ’ ಅಂದರೆ ಸೈಟಿನ ನಾಲ್ಕೂ ದಿಕ್ಕಿನ ಗಡಿ. ಯಂತ್ರಕ್ಕೆ ಅದು ಬ್ಯಾಂಕಿನ ಚೆಕ್ಕಿನ ಹಾಗೆ ಕಂಡು ‘ಚೆಕ್ ಕ್ಲೋಸ್ಡ್’ ಆಗಿತ್ತು! ನಾವು ನಕ್ಕೆವು. ಅವರು ನಗಲಿಲ್ಲ. "ಕೂತು ಪೂರ್ತಿ ತಿದ್ದಿಕೊಟ್ಟೆ. ಟೈಪಿಂಗಿಗೆ ಪುಟದ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ, ತಿದ್ದೋದಕ್ಕೆ ಕೇಳಿದ್ರೆ, ಎರಡು ಪದ ತಾನೇ ಅಂತಾರೆ."

ಆ ಎರಡು ಪದದ ಬೆಲೆ ಏನು ಅಂತ ವಿಜಯನಗರದವರನ್ನು ಕೇಳಬೇಕು. ಕೆಎಎಸ್, ಪಿಎಸ್‌ಐ ಕನಸು ಹೊತ್ತ ಹುಡುಗ ಹುಡುಗಿಯರು ಉತ್ತರ ಕರ್ನಾಟಕದಿಂದ, ಮಲೆನಾಡಿನಿಂದ ಬಂದು ಇಲ್ಲಿನ ಪಿಜಿಗಳಲ್ಲಿ ತುಂಬಿದ್ದಾರೆ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ 384 ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆಗೆ ಮುಖ್ಯಮಂತ್ರಿಗಳೇ ಸೂಚಿಸಬೇಕಾಯಿತು. ಯಂತ್ರಾನುವಾದ ಬಳಸಿದ್ದಾರೆ ಎಂಬ ಆರೋಪವೂ ಕೇಳಿಬಂತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳ ದೂರು ತಪ್ಪಲಿಲ್ಲ. ಅನುವಾದ ಯಂತ್ರದ್ದಿರಲಿ, ಮನುಷ್ಯರದ್ದಿರಲಿ, ಕನ್ನಡ ಬಲ್ಲ ಒಂದು ಕಣ್ಣು ಕೊನೆಗೊಮ್ಮೆ ಓದಿದ್ದರೆ ಸಾಕಿತ್ತು.

ಗ್ರಂಥಾಲಯದ ಹೊರಗೆ ಟೀ ಕುಡಿಯುತ್ತಿದ್ದ ರಾಯಚೂರಿನ ಹುಡುಗಿ ಮಾತಿಗೆ ಸಿಕ್ಕಳು. ನೋಟ್ಸ್ ಮಾಡಲು ಅವಳೂ ಚಾಟ್‌ಜಿಪಿಟಿ ಬಳಸುತ್ತಾಳೆ. "ಇಸವಿ, ಹೆಸರು ಮಾತ್ರ ಪುಸ್ತಕದಾಗ ನೋಡ್ಕೊಂಡೇ ಬರ್ಕೋತೀನ್ರಿ ಅಕ್ಕಾರ. ಅದು ಗೊತ್ತಿಲ್ಲ ಅನ್ನಂಗಿಲ್ಲ, ಏನರೆ ಒಂದು ಹೇಳೇಬಿಡ್ತದ" ಅಂದಳು.

ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ತಂಗಿಯ ಮಗಳಿಗೆ ನನಗೆ ತೋಚಿದ್ದು ಹೇಳಿದೆ. ಬ್ಯಾಂಕ್ ಪರೀಕ್ಷೆ ಬರಿ, ಮನೆ ನಡೀಬೇಕಲ್ಲ. ಅನುವಾದ ಬಿಡಬೇಡ. ಆದರೆ ಬರೀ ಭಾಷೆ ಬಂದರೆ ಇನ್ನು ಸಾಲದು. ಕಾನೂನೋ ವೈದ್ಯವೋ ಕಂದಾಯವೋ, ಒಂದು ವಿಷಯವನ್ನು ಆಳವಾಗಿ ಕಲಿ. ಯಂತ್ರ ಎಲ್ಲಿ ಎಡವಿದೆ ಅಂತ ಹೇಳಬೇಕಾದರೆ ಅದಕ್ಕಿಂತ ಹೆಚ್ಚು ಗೊತ್ತಿರಬೇಕು. ತಿದ್ದುವ ಕೆಲಸಕ್ಕೂ ಮೊದಲೇ ದರ ಹೇಳು, ನಾಚಿಕೋಬೇಡ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ಚೆಕ್ಕುಬಂದಿ ನನಗೂ ಗೊತ್ತಿರಲಿಲ್ಲ ದೊಡ್ಡಮ್ಮ" ಅಂದಳು.

ವಿಜಯನಗರದಿಂದ ಮೆಟ್ರೊ ಹತ್ತಿದೆವು. ಈ ದಾರಿ ಕೆಂಗೇರಿವರೆಗೆ ಮುಟ್ಟಿದ್ದು 2021ರ ಆಗಸ್ಟ್‌ನಲ್ಲಿ. ಕೆಳಗೆ ಮೈಸೂರು ರಸ್ತೆಯ ವಾಹನಗಳ ಸಾಲು. 2022ರ ಡಿಸೆಂಬರ್‌ನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250, ಸಿಗ್ನಲ್ ಹಾರಿದವರನ್ನು ಹಿಡಿಯುವ 80 ಕ್ಯಾಮೆರಾ ಚಾಲೂ ಆದವು. ದಂಡದ ಚೀಟಿ ಈಗ ಫೋನಿಗೇ ಬರುತ್ತೆ. ಆದರೂ ನಾಯಂಡಹಳ್ಳಿಯಲ್ಲಿ ಮಳೆ ಹೊಡೆದು ಬಸ್ಸು ಕೆಟ್ಟು ನಿಂತರೆ, ನೀರಲ್ಲಿ ನಿಂತು ದಾರಿ ಬಿಡಿಸುವವರು ಟ್ರಾಫಿಕ್ ಪೊಲೀಸರೇ.

ಕೆಂಗೇರಿಯಲ್ಲಿ ಇಳಿದು ಹತ್ತಿದ ಆಟೊದವರು ಫೋನಿಗೆ ಕನ್ನಡದಲ್ಲೇ ವಿಳಾಸ ಹೇಳಿದರು, ಅದು ದಾರಿ ತೋರಿಸಿತು. ಫೋನಿಗೆ ಈ ಕನ್ನಡ ಕಲಿಸಿದವರು ಯಾರು? ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ‘ವಾಣಿ’ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸುತ್ತಿದೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ನಮ್ಮ ಹಳ್ಳಿಗಳ ಜನರಿಗೆ ಹಣ ಕೊಟ್ಟು ಕನ್ನಡ ವಾಕ್ಯ ಓದಿಸಿ ಧ್ವನಿ ಮುದ್ರಿಸಿಕೊಂಡಿದೆ. ಯಂತ್ರದ ಕನ್ನಡದ ಹಿಂದೆ ಇರುವುದು ಇಂಥವರ ದನಿಯೇ.

ನೀವೂ ಒಂದು ರಜಾ ದಿನ ಈ ದಾರಿಯಲ್ಲಿ ಬನ್ನಿ. ಫೋನಿನಲ್ಲೇ ಮಾಡಿದ ಲಗ್ನಪತ್ರಿಕೆಯನ್ನೋ ಕರಾರನ್ನೋ ಡಿಟಿಪಿ ಅಂಗಡಿಗೆ ಒಯ್ದಾಗ, ‘ಒಂದ್ಸಲ ಓದಿ ತಿದ್ದಿಕೊಡಿ’ ಅನ್ನಿ. ತಿದ್ದಿದ್ದಕ್ಕೆ ದುಡ್ಡನ್ನೂ ಕೊಡಿ.