ಟಾರ್ಪಾಲಿನಡಿಯ ಯೆಜ್ಡಿ

ಮೃಗಶಿರಾ ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಎರಡು ವಸ್ತುಗಳ ಮೇಲೆ ಟಾರ್ಪಾಲು ಬೀಳುತ್ತದೆ. ಒಂದು ಸೌದೆ, ಇನ್ನೊಂದು ಯೆಜ್ಡಿ. ಸೌದೆಯ ಮಾತು ಅರ್ಥವಾಗುತ್ತದೆ, ಬಚ್ಚಲ ಒಲೆಗೆ ಹೋಗುವ ತನಕ ಅದು ಒಣಗಿರಬೇಕು. ಯೆಜ್ಡಿಯದು ಮಾತ್ರ ಅರ್ಥವಾಗುವುದಿಲ್ಲ. ಬೇಸಿಗೆಯಿಡೀ ಉಜ್ಜಿ, ಒರೆಸಿ, ಮದುವೆ ಚಪ್ಪರದ ಎದುರು ಸ್ಟ್ಯಾಂಡು ಹಾಕಿ, ನಾಲ್ಕು ಜನ ತಿರುಗಿ ನೋಡಲೆಂದು ಎರಡು ಸಲ ಹೆಚ್ಚಿಗೇ ರೇಸ್ ಕೊಟ್ಟು ಮೆರೆಸಿದ ಬೈಕು, ಜೂನ್ ಎರಡನೇ ವಾರಕ್ಕೆಲ್ಲ ಕೊಟ್ಟಿಗೆಯ ಮೂಲೆ ಸೇರಿ ನೀಲಿ ಹೊದಿಕೆಯೊಳಗೆ ಬಾಣಂತಿಯ ಹಾಗೆ ಕೂತುಬಿಡುತ್ತದೆ. ಕೇಳಿದರೆ ‘ಮಳೆಗೆ ಹಾಳಾಗ್ತದೆ ಮಾರಾಯ್ರೆ’ ಎಂಬ ಉತ್ತರ ಸಿದ್ಧ. ನನ್ನ ವಾದ ಇದಕ್ಕೆ ಪೂರ್ತಿ ತಿರುಗುಮುರುಗು. ಮಲೆನಾಡಿನಲ್ಲಿ ಯೆಜ್ಡಿ ಹಾಳಾಗುವುದು ಮಳೆಯಲ್ಲಿ ಓಡಿ ಅಲ್ಲ, ಮಳೆಗಾಲದಲ್ಲಿ ನಿಂತು. ಡೇರಿಗೆ ಹಾಲು ಹಾಕಲಿಕ್ಕೂ ಸೊಸೈಟಿಗೆ ಹೋಗಲಿಕ್ಕೂ ಹನ್ನೆರಡು ತಿಂಗಳೂ ಅದನ್ನೇ ಹೊರಡಿಸುವವನ ಬೈಕು, ಉಜ್ಜಿ ಮುಚ್ಚಿಡುವವನ ಬೈಕಿಗಿಂತ ಹೆಚ್ಚು ಬಾಳುತ್ತದೆ.

ಮಳೆಯನ್ನು ಕಡಿಮೆ ಅಂದಾಜು ಮಾಡಿ ಈ ಮಾತು ಹೇಳುತ್ತಿಲ್ಲ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಮಳೆ ದಾಖಲಾಗಿದೆ. ಹೊಸನಗರದ ಹುಲಿಕಲ್ಲು ಎಷ್ಟೋ ವರ್ಷ ಆಗುಂಬೆಯನ್ನೂ ಹಿಂದೆ ಹಾಕುತ್ತದೆ. ಬೈಕು ತಯಾರಾದ ಮೈಸೂರಿಗೆ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್. ಪುಷ್ಯ ಮಳೆ ಮನಸ್ಸು ಮಾಡಿದರೆ ಘಟ್ಟದ ತಲೆಯ ಮೇಲೆ ಅಷ್ಟನ್ನು ವಾರದೊಳಗೆ ಸುರಿದು ಮುಗಿಸುತ್ತದೆ. ಆದ್ದರಿಂದ ‘ಮೈಸೂರಿನ ಗಾಡಿ, ಇಲ್ಲಿನ ಮಳೆಗೆ ಆಗಿಬರುವುದಿಲ್ಲ’ ಎಂಬ ಮಾತು ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ 1960ರಲ್ಲಿ ಸ್ಥಾಪನೆಯಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆ ಆ ಬೈಕನ್ನು ಹೊರತಂದಿತೇ ಹೊರತು ಹೆತ್ತದ್ದಲ್ಲ. ಯೆಜ್ಡಿಯ ಮೂಲವಾದ ಜಾವಾದ ತವರು ಚೆಕೊಸ್ಲೊವಾಕಿಯ, ಚಳಿಗಾಲದಲ್ಲಿ ಹಿಮ ಬಿದ್ದು ಕರಗಿ ರಸ್ತೆಯೆಲ್ಲ ಕೆಸರಾಗುವ ನಾಡು. ಹಳೇ ಜಾವಾದ ಆಳವಾದ ಮಡ್‌ಗಾರ್ಡ್ ನೋಡಿ, ಹಿಂದಿನ ಚೈನನ್ನು ಮೇಲೆ ಕೆಳಗೆ ಪೂರ್ತಿ ಮುಚ್ಚಿದ ಕವರ್ ನೋಡಿ. ಇವು ಅಂದಕ್ಕೆ ಮಾಡಿದವಲ್ಲ. ಜಂಬಿಟ್ಟಿಗೆಯ ಕೆಂಪು ರಾಡಿ ಆ ಚೈನಿಗೆ ತಗಲುವುದೇ ಇಲ್ಲ, ಹಾಕಿದ ಗ್ರೀಸು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಈಗಿನ ಬೈಕುಗಳು ಚೈನನ್ನು ಬತ್ತಲೆ ಬಿಟ್ಟು ಅದನ್ನೇ ಸ್ಪೋರ್ಟಿ ಎನ್ನುತ್ತವೆ. ಆರಿದ್ರಾ ಮಳೆಯ ನಾಲ್ಕು ದಿನಕ್ಕೆ ಆ ಸ್ಪೋರ್ಟು ಕಿರುಗುಟ್ಟಲು ಶುರುಮಾಡುತ್ತದೆ. ಗೇರಿನ ಲಿವರ್ ಒತ್ತಿದೊಡನೆ ಕ್ಲಚ್ಚು ತಾನೇ ಬಿಟ್ಟುಕೊಳ್ಳುವ ಏರ್ಪಾಡೂ ಅಲ್ಲಿಂದಲೇ ಬಂದದ್ದು. ಗೇರು ಬದಲಿಸುವಾಗ ಎಡಗೈ ಬೇಕಾಗುವುದಿಲ್ಲ. ಮಳೆಯಲ್ಲಿ ಕನ್ನಡಕದವರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಎಂಜಿನಿಯರೂ ಮಾಡಿಲ್ಲ.

ನಿಂತ ಬೈಕಿಗೆ ಆಗುವುದೇನು ಎಂಬುದನ್ನು ಅಡಿಕೆ ಬೆಳೆಗಾರನಿಗೆ ವಿವರಿಸಬೇಕಾದದ್ದೇ ವಿಚಿತ್ರ. ಅರೆಬರೆ ಒಣಗಿದ ಅಡಿಕೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಮೂಲೆಗಿಟ್ಟರೆ ಬೂಷ್ಟು ಬರುತ್ತದೆಂದು ಗೊತ್ತಿರುವವನೇ, ಒದ್ದೆ ಗಾಳಿ ತುಂಬಿದ ಕೊಟ್ಟಿಗೆಯಲ್ಲಿ ಕಬ್ಬಿಣಕ್ಕೆ ಪ್ಲಾಸ್ಟಿಕ್ ಸುತ್ತಿ ‘ಸೇಫ್ ಆಗಿದೆ’ ಎಂದು ನಿದ್ದೆ ಮಾಡುತ್ತಾನೆ. ಟಾರ್ಪಾಲು ಮಳೆಯನ್ನು ತಡೆಯುತ್ತದೆ, ತೇವವನ್ನಲ್ಲ. ಒಳಹೊಕ್ಕ ತೇವ ಹೊರಬರದಂತೆಯೂ ಅದೇ ತಡೆಯುತ್ತದೆ. ರಾತ್ರಿ ತಂಪಾದಾಗ ಅದು ಕ್ರೋಮಿನ ಮೇಲೆ, ಅರ್ಧ ಖಾಲಿ ಟ್ಯಾಂಕಿನ ಒಳಮೈ ಮೇಲೆ ಹನಿಗಟ್ಟುತ್ತದೆ. ಈಗಿನ ಪೆಟ್ರೋಲಿನದು ಇನ್ನೊಂದು ಕತೆ. 2023ರಿಂದ ಬಂಕುಗಳಿಗೆ ಬರತೊಡಗಿದ ಶೇಕಡಾ 20 ಎಥೆನಾಲಿನ ಪೆಟ್ರೋಲ್ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದರೆ ಎಥೆನಾಲೂ ನೀರೂ ಜೊತೆಯಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ತುಕ್ಕು ಶುರುವಾಗುವುದು ಅಲ್ಲಿಂದ. ದಿನಾ ಓಡುವ ಬೈಕಿನಲ್ಲಿ ಆ ಪೆಟ್ರೋಲಿಗೆ ಕೆಡುವಷ್ಟು ಪುರುಸೊತ್ತೇ ಸಿಗುವುದಿಲ್ಲ. ಇನ್ನು ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯ ಬೇರೆ ಕೊಳವಿಲ್ಲ, ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಅದರ ಬೇರಿಂಗುಗಳ ಜೀವ. ಓಡಿದರೆ ಆ ಎಣ್ಣೆಯ ಪದರ ದಿನವೂ ಹೊಸದಾಗುತ್ತದೆ, ನಿಂತರೆ ಇಳಿದುಹೋಗುತ್ತದೆ. ಕ್ರ್ಯಾಂಕಿನ ಸೀಲು ಒಣಗಿ ಗಟ್ಟಿಯಾಗುತ್ತದೆ, ಬೇರಿಂಗಿನ ಮೇಲೆ ಸಾಸಿವೆ ಕಾಳಿನಂಥ ತುಕ್ಕಿನ ಚುಕ್ಕೆ ಏಳುತ್ತದೆ. ದೀಪಾವಳಿಗೆ ಹೊರತೆಗೆದು ಕಿಕ್ ಹೊಡೆದಾಗ ‘ಯಾಕೋ ಸೌಂಡು ಬೇರೆ ಥರ ಇದೆಯಲ್ಲ’ ಎನ್ನುವುದು ಆ ಸಾಸಿವೆಯ ಸದ್ದು.

ಇಲ್ಲಿಗೆ ಒಬ್ಬ ಜಾಣ ಎದ್ದು ನಿಲ್ಲುತ್ತಾನೆ. ‘ನಾವೇನು ಸುಮ್ಮನೆ ಬಿಟ್ಟಿಲ್ಲ, ಪ್ರತಿ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇವೆ.’ ಬೈಕು ಸಾಕುವವರ ಲೋಕದಲ್ಲಿ ನನಗೆ ಟಾರ್ಪಾಲಿಗಿಂತ ಹೆಚ್ಚು ಸಿಟ್ಟು ಬರಿಸುವುದು ಈ ಭಾನುವಾರದ ಐದು ನಿಮಿಷ. ಮುಚ್ಚಿ ಮರೆತವನದು ಬರೀ ಸೋಮಾರಿತನ, ಕ್ಷಮಿಸಬಹುದು. ಇವನು ಶ್ರದ್ಧೆಯಿಂದ ಹಾಳುಮಾಡುತ್ತಾನೆ. ಲೆಕ್ಕ ಸರಳವಾಗಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹುಟ್ಟುವ ನೀರು ಹೆಚ್ಚುಕಮ್ಮಿ ಒಂದು ಲೀಟರ್. ಎಂಜಿನ್ ಕಾದು, ಸೈಲೆನ್ಸರಿನ ತುದಿಯವರೆಗೂ ಕೈಯಿಡಲಾಗದಷ್ಟು ಬಿಸಿಯಾದಾಗ ಈ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಐದು ನಿಮಿಷಕ್ಕೆ ಸೈಲೆನ್ಸರಿನ ಕುತ್ತಿಗೆ ಬಿಸಿಯಾದೀತು, ಬಾಲ ತಣ್ಣಗೇ ಇರುತ್ತದೆ. ಆವಿ ಅಲ್ಲೇ ನೀರಾಗಿ ಮಸಿಯ ಜೊತೆ ಕೂತುಬಿಡುತ್ತದೆ. ಮುಂದಿನ ಭಾನುವಾರ ಇನ್ನೊಂದಿಷ್ಟು. ಮೃಗಶಿರಾದಿಂದ ಹುಬ್ಬೆಯ ತನಕ ಹನ್ನೆರಡು ಭಾನುವಾರ, ಯೆಜ್ಡಿಯ ಎರಡೂ ಸೈಲೆನ್ಸರಿಗೆ ಹನ್ನೆರಡು ಆರತಿ. ಆಮೇಲೆ ಒಳಗಿನಿಂದ ತೂತುಬಿದ್ದ ಸೈಲೆನ್ಸರ್ ಹಿಡಿದುಕೊಂಡು ‘ಈಗಿನ ರೀಪ್ರೊಡಕ್ಷನ್ ಮಾಲಿನ ತಗಡೇ ಸರಿಯಿಲ್ಲ’ ಎಂದು ತಯಾರಿಸಿದವನನ್ನು ಬೈಯುವುದು. ಪ್ಲಗ್ಗಿಗೆ ಮಸಿ ಹಿಡಿದದ್ದೂ ಅದರಿಂದಲೇ, ಬ್ಯಾಟರಿ ಇಳಿದದ್ದೂ ಅದರಿಂದಲೇ. ನಿಂತಲ್ಲೇ ನಿಧಾನಕ್ಕೆ ತಿರುಗುವ ಡೈನಮೊ ಬ್ಯಾಟರಿಗೆ ತುಂಬಿಕೊಡುವುದಾದರೂ ಎಷ್ಟು? ಸ್ಟಾರ್ಟ್ ಮಾಡುವುದಿದ್ದರೆ ಹತ್ತು-ಹದಿನೈದು ಕಿಲೋಮೀಟರ್ ಓಡಿಸಿ, ಹೊಸನಗರದವರು ಬಿದನೂರಿನ ಕೋಟೆ ಬಾಗಿಲ ತನಕ ಹೋಗಿ ಬನ್ನಿ. ಅಷ್ಟು ಆಗದಿದ್ದರೆ ಟ್ಯಾಂಕು ತುಂಬಿಸಿ, ಕಾರ್ಬೊರೇಟರ್ ಖಾಲಿ ಮಾಡಿ, ಪ್ಲಗ್ಗಿನ ತೂತಿನಲ್ಲಿ ಎರಡು ಚಮಚ ಆಯಿಲ್ ಬಿಟ್ಟು, ಟಾರ್ಪಾಲು ತೆಗೆದು ಹತ್ತಿಯ ಬಟ್ಟೆ ಹೊದೆಸಿ, ಆಮೇಲೆ ದಯವಿಟ್ಟು ಮುಟ್ಟಬೇಡಿ. ಅರ್ಧ ಪ್ರೀತಿಗಿಂತ ಪೂರ್ತಿ ಉದಾಸೀನ ಲೇಸು.

ಓಡಿಸುವುದೇ ಸರಿ ಎಂದ ಮೇಲೆ ಓಡಿಸುವ ಕ್ರಮದ ಪ್ರಶ್ನೆ ಬರುತ್ತದೆ, ಇಲ್ಲಿ ಎದುರಾಳಿಗಳ ಕಡೆ ಕೊಂಚ ನ್ಯಾಯವೂ ಇದೆ. ಡ್ರಮ್ ಬ್ರೇಕಿನೊಳಗೆ ನೀರು ಹೊಕ್ಕರೆ ಮೊದಲ ಒತ್ತಿಗೆ ಬ್ರೇಕು ಇರುವುದೇ ಇಲ್ಲ. ತುಂಬಿ ಹರಿಯುವ ಮೋರಿ ದಾಟಿದ ಕೂಡಲೇ ನೂರು ಮಾರು ದೂರ ಬ್ರೇಕನ್ನು ತುಸುವೇ ಒತ್ತಿಹಿಡಿದು ಓಡಿಸಿದರೆ ಶೂ ಬಿಸಿಯಾಗಿ ನೀರು ಆರುತ್ತದೆ. ಎಮ್ಮೆ ಕೆರೆಯಿಂದೆದ್ದು ಬಿಸಿಲಿಗೆ ಮೈಯೊಡ್ಡುವಷ್ಟೇ ಸಹಜವಾಗಿ ಇದು ಕೈಗೆ ರೂಢಿಯಾಗಬೇಕು. ಘಟ್ಟ ಇಳಿಯುವುದರಲ್ಲಿ ಇನ್ನೂ ಸೂಕ್ಷ್ಮವಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವು. ಅಷ್ಟೂ ತಿರುವನ್ನು ಗೇರಿನಲ್ಲಿಟ್ಟು ಎಕ್ಸಲರೇಟರ್ ಪೂರ್ತಿ ಮುಚ್ಚಿ ಇಳಿದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಪೆಟ್ರೋಲ್ ಮಾತ್ರ ತೀರಾ ಕಮ್ಮಿ ಹೋಗುತ್ತದೆ. ಪೆಟ್ರೋಲ್ ಕಮ್ಮಿಯಾದರೆ ಅದರ ಜೊತೆಗೆ ಹೋಗುವ ಆಯಿಲೂ ಕಮ್ಮಿ. ಆದ್ದರಿಂದ ಪ್ರತಿ ತಿರುವಿನ ಆಚೆ ಕ್ಲಚ್ ಹಿಡಿದು ಒಂದು ಸಣ್ಣ ರೇಸ್, ತಿರುವಿಗೊಂದು ಗುಟುಕು ಎಣ್ಣೆ. ಕೇಳುವವರಿಗೆ ಇದು ಶೋಕಿಯ ಸದ್ದು, ಎಂಜಿನ್ನಿಗೆ ಊಟ. ಸ್ವೀಡನ್ನಿನ ಸಾಬ್ ಕಂಪನಿ ಇದೇ ತೊಂದರೆಗಾಗಿ ತನ್ನ ಟೂ-ಸ್ಟ್ರೋಕ್ ಕಾರುಗಳಲ್ಲಿ, ಇಳಿಜಾರಿನಲ್ಲಿ ಎಂಜಿನ್ನನ್ನು ಚಕ್ರದಿಂದ ತಾನೇ ಬಿಡಿಸುವ ಫ್ರೀವೀಲ್ ಇಟ್ಟಿತ್ತು. ಎರಿಕ್ ಕಾರ್ಲ್‌ಸನ್ 841 ಸಿಸಿಯ ಅಂಥದೊಂದು ಸಾಬ್ 96 ಕಾರನ್ನು ಜನವರಿಯ ಹಿಮದಲ್ಲಿ ಓಡಿಸಿ 1962ರಲ್ಲೂ 1963ರಲ್ಲೂ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ. ಹೊಗೆಯುಗುಳುವ ಸಣ್ಣ ಎಂಜಿನ್ನನ್ನು ಕೆಟ್ಟ ಹವೆಯಲ್ಲಿ ಓಡಿಸಬಾರದು ಎಂಬ ನಿಯಮ ಅವನಿಗೆ ಯಾರೂ ಹೇಳಿರಲಿಲ್ಲವೇನೋ.

ಹಿಮದ ನಾಡುಗಳಲ್ಲೂ ಈ ಜಗಳ ಇದ್ದದ್ದೇ. ಸ್ಪೋರ್ಟ್ಸ್ ಕಾರನ್ನು ಚಳಿಗಾಲ ಬರುವ ಮುಂಚೆ ಶೆಡ್ಡಿಗೆ ಸೇರಿಸುವ ಪಂಗಡ ಒಂದು, ಟೈರು ಬದಲಿಸಿ ವರ್ಷವಿಡೀ ಅದರಲ್ಲೇ ಕೆಲಸಕ್ಕೆ ಹೋಗುವ ಪಂಗಡ ಇನ್ನೊಂದು. ಅಲ್ಲಿನ ಮೊದಲ ಪಂಗಡಕ್ಕೆ ಒಂದು ಗಟ್ಟಿ ಕಾರಣವಾದರೂ ಇದೆ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪುನೀರು ಕಬ್ಬಿಣವನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ನಮ್ಮ ರಸ್ತೆಗೆ ಉಪ್ಪು ಹಾಕುವವರು ಯಾರು? ಘಟ್ಟದ ಕೆಳಗೆ ಮರವಂತೆಯ ಕಡಲ ಗಾಳಿಗೆ ಬೈಕು ನಿಲ್ಲಿಸುವವರು ಹೆದರಲಿ. ಮೇಲಿನವರಿಗೆ ಬೀಳುವುದು ಸಿಹಿನೀರು, ಅದು ಕೆಸರನ್ನು ಹಚ್ಚುವುದಷ್ಟೇ ಅಲ್ಲ, ತೊಳೆಯುತ್ತಲೂ ಇರುತ್ತದೆ. ಮಡ್‌ಗಾರ್ಡಿನ ಒಳಮಗ್ಗುಲಿಗೆ ಅಂಟಿದ ಜಂಬಿಟ್ಟಿಗೆ ಮಣ್ಣನ್ನು ವಾರಕ್ಕೊಮ್ಮೆ ಕೆರೆದು ತೆಗೆದರೆ ಸಾಕು. ‘ಮಳೆಗೆ ಜೀಪೇ ಸರಿ’ ಎನ್ನುವವರಿಗೂ ಉತ್ತರ ಹಿಮದ ನಾಡಿನಲ್ಲೇ ಇದೆ. ನಾಲ್ಕೂ ಚಕ್ರ ಎಳೆಯುವ ಗಾಡಿ ಗದ್ದೆಯ ಹುದುಲಿನಿಂದ ಮೇಲೆ ಬರಲು ಉಪಯೋಗ, ಒದ್ದೆ ಟಾರಿನ ಮೇಲೆ ನಿಲ್ಲಲು ಅಲ್ಲ. ನಿಲ್ಲಿಸುವುದು ಟೈರು. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರ ತನಕ, ರಸ್ತೆ ಹಿಮಗಟ್ಟಿದ್ದರೆ, ಕಾರಿಗೆ ಚಳಿಗಾಲದ ಟೈರು ಕಡ್ಡಾಯ; ನಾಲ್ಕೂ ಚಕ್ರದ ಎಳೆತ ಕಡ್ಡಾಯವಲ್ಲ. ಬೋಳು ಟೈರಿನ ಜೀಪಿಗಿಂತ ಒಳ್ಳೆ ಗಟ್ಟೆಯ ಟೈರಿನ ಯೆಜ್ಡಿ ಎಷ್ಟೋ ಮೇಲು. ಪಾರ್ಟು ಸಿಗುವುದಿಲ್ಲ ಎಂಬ ಆಕ್ಷೇಪವನ್ನು ನಾನು ತಿರುಗಿಸಿಯೇ ಹಿಡಿಯುತ್ತೇನೆ. ಓಡಿಸಿ ಸವೆಯುವುದು ಶೂ, ಕೇಬಲ್ಲು, ಚೈನು, ಇವು ಸಿಗುತ್ತವೆ. ನಿಂತು ಕೊಳೆಯುವುದು ಕ್ರ್ಯಾಂಕು ಮತ್ತು ಟ್ಯಾಂಕು, ಮೈಸೂರಿನ ಅಸಲಿ ಮಾಲು ಹುಡುಕಬೇಕಾದದ್ದು ಅವಕ್ಕೇ. ಎರಡು ಆಕ್ಷೇಪಗಳಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಒಂದು ಹೊಗೆ. ಇನ್ನೊಂದು ಆರು ವೋಲ್ಟಿನ ಹೆಡ್‌ಲೈಟು. ಆಗುಂಬೆಯ ಮಂಜಿನಲ್ಲಿ ಅದು ದಾರಿ ತೋರಿಸುವುದಿಲ್ಲ, ತಾನೆಲ್ಲಿದ್ದೇನೆಂದಷ್ಟೇ ತೋರಿಸಿಕೊಳ್ಳುತ್ತದೆ. ಕತ್ತಲಾದ ಮೇಲೆ ಬಸ್ಸಿದೆ.

ಜಾವಾ, ಯೆಜ್ಡಿ ಪ್ರಿಯರು ತಮ್ಮ ಹಬ್ಬವನ್ನು ಇಟ್ಟುಕೊಂಡಿರುವುದು ಜುಲೈ ತಿಂಗಳ ಎರಡನೇ ಭಾನುವಾರ. ಪುನರ್ವಸು ಮಳೆಯ ಹೊಟ್ಟೆಯೊಳಗೇ ಬರುವ ದಿನ ಅದು, ಹೊಳವಾಗಲಿ ಎಂದು ಕಾಯುತ್ತ ಕೂತರೆ ಹಬ್ಬ ಮುಗಿದೇ ಹೋಗುತ್ತದೆ. 2025ರಲ್ಲಿ ಅದರ ಮರುದಿನವೇ, ಜುಲೈ 14ರಂದು, ಸಾಗರ ತಾಲೂಕಿನ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ತೆರೆಯಿತು. ಲಿಂಗನಮಕ್ಕಿಯ ಹಿನ್ನೀರಿನಾಚೆಗೆ, ಸಿಗಂದೂರಿನ ಕಡೆಗೆ ಹೋಗುವವರು ಅದಕ್ಕೂ ಮೊದಲು ಲಾಂಚನ್ನೇ ನಂಬಿಕೊಂಡಿದ್ದರು. ಹಳೇ ಬೈಕಿನವರಿಗೆ ಆಗ ಲಾಂಚೇ ಪರೀಕ್ಷೆಯ ಹಾಲ್ ಆಗಿತ್ತು. ಎಂಜಿನ್ ಆರಿಸಿ ತೆರೆದ ಅಟ್ಟಣೆಯ ಮೇಲೆ ಮಳೆಗೆ ನಿಲ್ಲಿಸಬೇಕಿತ್ತು, ಆಚೆ ದಡ ಮುಟ್ಟಿದ ಕ್ಷಣ ಹಿಂದಿನವರು ಹಾರ್ನ್ ಹೊಡೆಯುವ ಮುಂಚೆ ಸ್ಟಾರ್ಟ್ ಆಗಬೇಕಿತ್ತು. ಪಾಯಿಂಟಿನ ಮುಚ್ಚಳಕ್ಕೆ ಗ್ರೀಸು ಬಳಿದು, ಪ್ಲಗ್ಗಿನ ಟೋಪಿಗೆ ವ್ಯಾಸಲೀನ್ ಹಚ್ಚಿಕೊಂಡು ಬಂದವನಿಗೆ ಒಂದೇ ಕಿಕ್ಕು. ಟಾರ್ಪಾಲಿನಡಿಯಿಂದ ಆವತ್ತೇ ಎದ್ದುಬಂದವನಿಗೆ ದಡದ ಏರಿನಲ್ಲಿ ತಳ್ಳುವ ಕೆಲಸ. ಸೇತುವೆ ಬಂದಮೇಲೆ ಆ ಪರೀಕ್ಷೆಯೂ ಇಲ್ಲ, ಸಿದ್ಧವಾಗಿ ಬಂದವನೂ ಬಾರದವನೂ ಒಂದೇ ಸಾಲಿನಲ್ಲಿ ದಾಟುತ್ತಾರೆ. ಎರಡೂವರೆ ಕಿಲೋಮೀಟರಿಗೆ ತುಸು ಕಮ್ಮಿಯ ಆ ಬಯಲಿನಲ್ಲಿ ಮಳೆ ಅಡ್ಡಡ್ಡಲಾಗಿ ಬಂದು ಹೊಡೆಯುತ್ತದೆ. ಕ್ಲಚ್ಚಿನ ಹಂಗಿಲ್ಲದ ಎಡಗೈ ಕನ್ನಡಕ ಒರೆಸುತ್ತಿರುತ್ತದೆ.